ಬೆಲ್ಟಿನ ಬಲ ಅರ್ಧ

ಆ ಬೆಲ್ಟಿನ ಎಡ ಅರ್ಧದಲ್ಲಿ ಎಷ್ಟು ಮಣಿಗಳಿದ್ದವು ಎಂದು ಈಗ ಕೇಳಿದರೂ ತಡವರಿಸದೆ ಹೇಳಬಲ್ಲೆ. ಮೂರು ಸಾವಿರದ ಎಂಟುನೂರ ನಲವತ್ತು. ಹನ್ನೊಂದು ದಿನ ಭೂತಗನ್ನಡಿ ಹಿಡಿದು ಒಂದೊಂದಾಗಿ ಎಣಿಸಿದವಳು ನಾನು. ಬಲ ಅರ್ಧದಲ್ಲಿ ಎಷ್ಟಿದ್ದವು ಎಂಬುದು ಮಾತ್ರ ನನಗೆ ಗೊತ್ತಿಲ್ಲ. ಎಣಿಸುವ ಅಗತ್ಯವಿಲ್ಲವೆಂದು ನಾನೇ ತೀರ್ಮಾನ ಮಾಡಿದ್ದೆ. ಆ ತೀರ್ಮಾನದಿಂದ ಏನೇನಾಯಿತು ಎನ್ನುವುದನ್ನು ಯಾರ ಮೇಲೂ ತಪ್ಪು ಹೊರಿಸದೆ ಬರೆಯಬೇಕೆಂದು ಕೂತಿದ್ದೇನೆ. ಬಾಸಿನ ಮೇಲೆ ಮಾತ್ರ ಸ್ವಲ್ಪ ಹೊರಿಸುತ್ತೇನೆ, ಅಷ್ಟು ಹಕ್ಕು ನನಗಿದೆ.

ಡಾಟ್ ಕಾಮ್ ಕಂಪನಿಗಳು ನಾಯಿಕೊಡೆಗಳಂತೆ ಏಳುತ್ತಿದ್ದ ಕಾಲ. ನಮ್ಮದು ಸ್ಯಾನ್ ಫ್ರಾನ್ಸಿಸ್ಕೋದ ಹಳೆಯ ಗೋದಾಮೊಂದರಲ್ಲಿತ್ತು. ಕೈಯಿಂದ ಮಾಡಿದ ವಸ್ತುಗಳನ್ನು ವೆಬ್‌ಸೈಟಿನಲ್ಲಿ ಮಾರುವುದು ಅದರ ಕಸುಬು. ಬಂದ ವಸ್ತುವಿನ ಫೋಟೋ ತೆಗೆಸಿ, ಅಳತೆ ಬರೆದು, ಓದಿದವರಿಗೆ ಕೊಳ್ಳಬೇಕು ಅನ್ನಿಸುವಂತೆ ನಾಲ್ಕು ಸಾಲಿನ ವಿವರಣೆ ಕೊಟ್ಟು ಪುಟಕ್ಕೆ ಏರಿಸುವುದು ನನ್ನ ಕೆಲಸ. ನನ್ನ ವೀಸಾ ಆ ಕಂಪನಿಯ ಹೆಸರಿನಲ್ಲಿತ್ತು. ಸನ್ನಿವೇಲ್‌ನ ಬಾಡಿಗೆ ರೂಮಿನಿಂದ ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದೆ.

ಒಂದು ಮಧ್ಯಾಹ್ನ ಅರವತ್ತು ದಾಟಿದ ಹೆಂಗಸೊಬ್ಬರು ಶೂ ಡಬ್ಬಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು. ಅವರು ಅಮೆರಿಕದ ಮೂಲನಿವಾಸಿಗಳಾದ, ಇಲ್ಲಿ ಇಂಡಿಯನ್ ಎಂದೇ ಕರೆಯುವ, ಕಮಾಂಚಿ ಜನಾಂಗದವರು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸರ್ಕಾರದವರು ಒಂದು ಕಡೆಯ ಟಿಕೆಟ್ಟು ಕೊಟ್ಟು, ಪಟ್ಟಣದಲ್ಲಿ ಕೆಲಸ ಸಿಗುತ್ತದೆಂದು ಒಕ್ಲಹೋಮಾದಿಂದ ಬಸ್ಸಿನಲ್ಲಿ ಸ್ಯಾನ್ ಹೊಸೆಗೆ ಕಳಿಸಿದ್ದರಂತೆ. ಕಂಪ್ಯೂಟರ್ ಚಿಪ್ಪಿನ ಫ್ಯಾಕ್ಟರಿಯಲ್ಲಿ ಸೂಕ್ಷ್ಮದರ್ಶಕದಡಿ ತಂತಿ ಬೆಸೆಯುತ್ತಲೇ ನಿವೃತ್ತರಾದವರು. ಹೆಸರು ಬರೆಯುವುದಿಲ್ಲ. ಮನಸ್ಸಿನಲ್ಲಿ ನಾನು ಅವರನ್ನು ಕರೆದದ್ದು ಅಜ್ಜಿ ಎಂದೇ.

"ನೀನೂ ಇಂಡಿಯನ್ನಾ?" ಎಂದು ಕೇಳಿದರು. ಅವರಾಡಿದ್ದು ಇಂಗ್ಲಿಷು, ನನಗೆ ಕೇಳಿಸಿದ ಧಾಟಿಯಲ್ಲಿ ಕನ್ನಡಕ್ಕೆ ಇಳಿಸುತ್ತಿದ್ದೇನೆ.

"ಹೌದು, ಸಮುದ್ರದ ಆ ಕಡೆಯವಳು."

"ಸರಿ. ನನಗೆ ಆ ಹೆಸರೂ ಬೇಡ, ಕಮಾಂಚಿ ಅನ್ನೋದೂ ಬೇರೆಯವರು ಇಟ್ಟಿದ್ದೇ. ನಾವು ನಮ್ಮನ್ನ ಕರ್ಕೊಳ್ಳೋದು ನುಮುನು ಅಂತ. ಬರೆದುಕೊ."

ಬರೆದುಕೊಂಡೆ. ಡಬ್ಬಿಯಲ್ಲಿ ಮಾರುವುದಕ್ಕೆಂದು ತಂದ ಕೂದಲ ಕ್ಲಿಪ್ಪುಗಳೂ ಕಿವಿಯೋಲೆಗಳೂ ಇದ್ದವು. ತಳದಲ್ಲಿ ಬಟ್ಟೆಯಲ್ಲಿ ಸುತ್ತಿದ ಬೆಲ್ಟು. ಹದ ಮಾಡಿದ ಜಿಂಕೆ ಚರ್ಮದ ಮೇಲೆ ಸಾಸಿವೆಗಿಂತ ತುಸು ದೊಡ್ಡ ಗಾಜಿನ ಮಣಿಗಳು, ಒಂದೊಂದು ಸಾಲಿಗೆ ಎಂಟರಂತೆ, ಒಂದರ ಕೆಳಗೊಂದು ಸೇರಿದ ಎರಡು ಪಟ್ಟಿ. ತಿರುಗಿಸಿ ನೋಡಿದೆ, ಹಿಂದೆ ಒಂದು ಹೊಲಿಗೆಯೂ ಕಾಣಲಿಲ್ಲ. ಸೂಜಿ ಚರ್ಮದ ದಪ್ಪದಲ್ಲಿ ಅರ್ಧ ಮಾತ್ರ ಇಳಿದು ಮೇಲೆದ್ದಿತ್ತು. ಮಣಿ ಕೆಲಸದ ಮನೆಯಲ್ಲಿ ಹುಟ್ಟಿದ ನನಗೆ ಆ ಕೈ ಎಂಥದೆಂದು ಯಾರೂ ಹೇಳಬೇಕಾಗಿರಲಿಲ್ಲ.

"ಇದು ಮಾರಾಟಕ್ಕಲ್ಲ," ಎಂದರು ಅಜ್ಜಿ. "ನಾನು ಯಾರು ಅಂತ ಜನಕ್ಕೆ ತೋರಿಸೋಕೆ. ಮೂರು ಫೋಟೋ ತೆಗಿ, ಎರಡು ತಿಂಗಳು ಇಟ್ಕೊ, ವಾಪಸ್ ಕೊಡು."

ಪ್ರತಿ ಆಕಾರಕ್ಕೂ ಅರ್ಥ ಬರೆಯಬೇಕೆಂದು ಬಾಸಿನ ಅಪ್ಪಣೆಯಿತ್ತು. ನಾನು ಲೈಬ್ರರಿಯಿಂದ ಒಂದು ಪುಟ ಜೆರಾಕ್ಸು ಮಾಡಿಸಿ ಇಟ್ಟುಕೊಂಡಿದ್ದೆ. ಜಾಣೆಯಂತೆ ಕೇಳಿದೆ: "ಈ ತ್ರಿಕೋನಗಳು ಬೆಟ್ಟಗಳು ಅಲ್ಲವೇ?"

"ಯಾರು ಹೇಳಿದ್ದು?"

"ಪುಸ್ತಕದಲ್ಲಿತ್ತು."

"ಹಾಗಾದ್ರೆ ಮುಂದಿನ ಬೆಲ್ಟು ಪುಸ್ತಕದ ಕೈಲೇ ಹೊಲಿಸು." ಡಬ್ಬಿಯ ಮುಚ್ಚಳ ಹಾಕಿ ಎದ್ದರು. "ಇದನ್ನ ಮಾಡಿದವಳು ನಾನು. ಕೇಳೋದಿದ್ರೆ ಸ್ಯಾನ್ ಹೊಸೆಗೆ ಬಂದು ಕೇಳು." ಬಾಸಿನ ಸಹಾಯಕಿ ಕೊಟ್ಟ ಫಾರಂಗೆ ಸಹಿ ಹಾಕಿ ಹೋದರು.

ನಾನು ಕೇಳಲು ಹೋಗಲಿಲ್ಲ. ದೂರ, ಪುರುಸೊತ್ತಿಲ್ಲ ಎಂದು ನೆಪ ಹೇಳಿಕೊಂಡೆ.

ಬೆಲ್ಟಿನ ಫೋಟೋ ಸೈಟಿನ ಮೊದಲ ಪುಟಕ್ಕೆ ಬಂದದ್ದೇ ತಡ, ನಮಗೂ ಬೇಕು, ನಮಗೂ ಬೇಕು ಎಂದು ಇಮೇಲುಗಳು ಬಂದವು. ಬಾಸು ನನಗಿಂತ ಎರಡು ವರ್ಷಕ್ಕೆ ಚಿಕ್ಕವನು, ಮೀಟಿಂಗಿನಲ್ಲಿ ನಿಂತುಕೊಂಡೇ ಮಾತಾಡುವವನು. "ಒಂದು ಬೆಲ್ಟಿಗೆ ಆಕೆಗೆ ಒಂದು ಚಳಿಗಾಲ ಬೇಕು. ಇದನ್ನ ಸ್ಕೇಲ್ ಮಾಡೋದು, ನೂರಾರು ಮಾಡಿಸೋದು ಹೇಗೆ?" ಎಂದ. ಎಲ್ಲರೂ ಮೇಜು ನೋಡಿದರು.

ಬಾಯಿ ಬಿಟ್ಟವಳು ನಾನು. ನಮ್ಮ ಮಾಮು, ಅಂದರೆ ಅಮ್ಮನ ತಮ್ಮ, ಬೆಂಗಳೂರಿನಲ್ಲಿ ಕಾರ್ಖಾನೆ ಇಟ್ಟಿದ್ದಾರೆ, ಮದುವೆ ಬ್ಲೌಸು, ಲೆಹಂಗಾಗಳಿಗೆ ಆರಿ ಎನ್ನುವ ಕೊಕ್ಕೆ ಸೂಜಿಯಲ್ಲಿ ಮಣಿ ಕೂರಿಸುತ್ತಾರೆ, ನಕ್ಷೆ ಕೊಟ್ಟರೆ ಯಾವುದನ್ನು ಬೇಕಾದರೂ ಹೊಲಿಯುತ್ತಾರೆ ಎಂದೆ. ಮೀಟಿಂಗಿನಲ್ಲಿ ಎರಡು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದವಳ ಕಡೆಗೆ ಅವತ್ತು ಎಲ್ಲ ಕುರ್ಚಿಗಳೂ ತಿರುಗಿದವು. ಉಬ್ಬಿಹೋದೆ. ಉಬ್ಬಿದ್ದರಲ್ಲೂ ಒಂದು ಮಾತು ಕೇಳಿದೆ: "ಅವರು ಒಪ್ಪಿದ್ದಾರಾ?"

"ಪೇಪರ್‌ವರ್ಕ್ ಎಲ್ಲ ನಮ್ಮ ಹತ್ರ ಇದೆ," ಎಂದ ಬಾಸು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಬೆಳಕು ನನಗೆ ಬೇಕಾದ ಕಡೆಗೇ ಬಿದ್ದಿದ್ದರಿಂದ ಮತ್ತೆ ಕೇಳಲಿಲ್ಲ.

ಮಾರನೆಯ ದಿನದಿಂದ ಎಣಿಕೆ. ಕಿಟಕಿಯ ಪಕ್ಕದ ಮೇಜು, ಸ್ಟ್ಯಾಂಡಿಗೆ ಕಟ್ಟಿದ ಭೂತಗನ್ನಡಿ, ಚೌಕಳಿ ಪುಸ್ತಕ, ಬಣ್ಣದ ಪೆನ್ಸಿಲ್ಲುಗಳು. ಒಂದು ಮಣಿಗೆ ಒಂದು ಚೌಕ. ಎಣಿಸುತ್ತಿರುವ ಸಾಲು ಯಾವುದೆಂದು ಮರೆಯದಿರಲು ಅದರ ಆಚೆ ಈಚೆ ಎರಡು ಸೂಜಿ ಮಲಗಿಸಿಟ್ಟುಕೊಳ್ಳುತ್ತಿದ್ದೆ. ಎಡ ತುದಿಯಿಂದ ಶುರುವಾದರೆ ಮೊದಲು ಕೆಮ್ಮಣ್ಣಿನ ಬಣ್ಣ. ಆಮೇಲೆ ಒಂದರ ಪಕ್ಕ ಒಂದು ಐದು ತ್ರಿಕೋನ, ಮೊದಲನೆಯದು ಉಳಿದವಕ್ಕಿಂತ ಒಂದು ಮಣಿ ಗಿಡ್ಡ. ಆಮೇಲೆ ಕಡುನೀಲಿಯ ಉದ್ದ ಪಟ್ಟಿ, ಅದರೊಳಗೆ ಎಣ್ಣೆ ಸವರಿದಂಥ ಹಳದಿಯ ಒಂಬತ್ತು ಚೌಕ. ಅಲ್ಲಿಂದ ಬೆಲ್ಟಿನ ನಡುವಿನವರೆಗೆ ಬೂದಿ ಬೆರೆತ ಹಸಿರು.

ನಡುವಿನಿಂದ ಆಚೆಗೆ ಬಲ ಅರ್ಧ. ಅಲ್ಲೂ ಹಸಿರು, ಅಲ್ಲೂ ನೀಲಿ. ಆದರೆ ನೀಲಿಯೊಳಗೆ ಹಳದಿ ಚೌಕ ಮೂರೇ, ಉಳಿದವು ಕಪ್ಪು. ನೀಲಿ ಮುಗಿದ ಮೇಲೆ ಎರಡು ಬೆರಳಿನಗಲ ಮಣಿಯೇ ಇಲ್ಲದ ಬರಿ ಚರ್ಮ. ಅದಾದ ಮೇಲೆ ತ್ರಿಕೋನ ನಾಲ್ಕೇ ನಾಲ್ಕು. ಕೊನೆಯಲ್ಲಿ ಕೆಮ್ಮಣ್ಣು.

ನಮ್ಮ ಕಸುಬಿನಲ್ಲಿ ಎಡಕ್ಕೆ ಬಲ ತಾಳೆಯಾಗದಿದ್ದರೆ ಅದು ಕೆಲಸಗಾರನ ಮಾನದ ಪ್ರಶ್ನೆ. ನಕ್ಷೆ ತಯಾರಿಸುವ ಪದ್ಧತಿಯೇ ಹಾಗಿದೆ. ಬೆಣ್ಣೆ ಕಾಗದವನ್ನು ನಡುವೆ ಮಡಿಸಿ, ಅರ್ಧ ಮಾತ್ರ ಬರೆದು, ಗೆರೆಯ ಮೇಲೆ ಸೂಜಿಯಿಂದ ಒತ್ತೊತ್ತಾಗಿ ಚುಚ್ಚುತ್ತಾರೆ. ಮಡಿಕೆ ಬಿಡಿಸಿದರೆ ಎರಡು ಕಡೆಯೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ನಕ್ಷೆ. ಅದಕ್ಕೆ ಖಾಕಾ ಎನ್ನುತ್ತಾರೆ. ಅದನ್ನು ಬಟ್ಟೆಯ ಮೇಲಿಟ್ಟು ಸೀಮೆಎಣ್ಣೆಯಲ್ಲಿ ಕಲಸಿದ ಬಿಳಿಪುಡಿ ಉಜ್ಜಿದರೆ ತೂತುಗಳಿಂದ ಚುಕ್ಕಿಗಳು ಇಳಿಯುತ್ತವೆ, ಚುಕ್ಕಿಯ ಮೇಲೆ ಸೂಜಿ ಓಡುತ್ತದೆ. ಮಾಮು ನನಗೆ ಏಳನೆಯ ವಯಸ್ಸಿನಲ್ಲಿ ಕಲಿಸಿದ್ದು ಕಾಗದ ಮಡಿಸುವುದನ್ನೇ.

ಹಾಗಾಗಿ ಬಲ ಅರ್ಧ ಕೆಟ್ಟಿದೆ ಎಂದುಕೊಂಡೆ. ಮಣಿ ಉದುರಿದೆ, ಅಜ್ಜಿಯ ಕಣ್ಣು ಸೋತಿದೆ, ಕೊನೆಕೊನೆಗೆ ಅವಸರ ಮಾಡಿದ್ದಾರೆ. ಬರಿ ಚರ್ಮದ ಮೇಲೆ ಭೂತಗನ್ನಡಿ ಹಿಡಿದೆ. ಮಣಿ ಉದುರಿದ್ದರೆ ಅಲ್ಲಿ ಸೂಜಿಯ ಗುರುತು ಇರಬೇಕಿತ್ತು. ಒಂದೂ ಇರಲಿಲ್ಲ. ನೋಡಿದೆ, ನೋಡಿಯೂ ನೋಡದವಳಂತೆ ಪುಸ್ತಕದಲ್ಲಿ "ಎಡ ಅರ್ಧ ಸಾಕು, ಮಡಿಸಿ ಚುಚ್ಚಿ" ಎಂದು ಬರೆದು, ಪುಟಗಳನ್ನು ಸ್ಕ್ಯಾನ್ ಮಾಡಿ ಆಫೀಸಿನ ಸರ್ವರ್‌ಗೆ ಹಾಕಿ, ಬಣ್ಣದ ಪ್ರಿಂಟುಗಳನ್ನು ಮಾಮುವಿಗೆ ಕಳಿಸಿದೆ. ಉಪಕಾರ ಮಾಡುತ್ತಿದ್ದೇನೆ ಎಂಬ ಭಾವನೆ ಬೇರೆ.

ಮಾಮು ಕಳಿಸಿದ ಮೊದಲ ಸ್ಯಾಂಪಲ್ಲು ಸುಕ್ಕುಗಟ್ಟಿತ್ತು. ಆರಿ ಕೊಕ್ಕೆ ಚರ್ಮವನ್ನು ಹಾಯ್ದು ಕೆಳಗೆ ಸರಪಳಿ ಹೊಲಿಗೆ ಬಿಡುವುದರಿಂದ ತೆಳು ಆಡಿನ ಚರ್ಮ ಎಳೆದುಕೊಂಡಿತ್ತು. ಎರಡನೆಯ ಸಲ ಚರ್ಮದ ಕೆಳಗೆ ಬಟ್ಟೆ ಕೊಟ್ಟು, ಅಡ್ಡ ಎನ್ನುವ ಮರದ ಚೌಕಟ್ಟಿಗೆ ತಮಟೆಯಷ್ಟು ಬಿಗಿಯಾಗಿ ಕಟ್ಟಿದರು. ಆ ಎಣ್ಣೆ ಹಳದಿ ಬೆಂಗಳೂರಿನಲ್ಲಿ ಸಿಗಲಿಲ್ಲ. "ನಿಂಬೆ ಹಳದಿ ಹಾಕ್ತೀನಿ ಬೇಟಿ, ಅಮೆರಿಕಾದೋರಿಗೆ ಏನು ಗೊತ್ತಾಗುತ್ತೆ?" ಎಂದರು ಮಾಮು. ಬೇಡವೆಂದು ಹಟ ಹಿಡಿದು, ಇಲ್ಲಿನ ಅಂಗಡಿಯಿಂದ ಮಣಿ ಕೊಂಡು ಕೊರಿಯರ್ ಮಾಡಿದೆ. ಬಣ್ಣದ ವಿಷಯದಲ್ಲಿ ನನ್ನ ನಿಯತ್ತನ್ನು ಯಾರೂ ಪ್ರಶ್ನಿಸುವಂತಿರಲಿಲ್ಲ.

ಎರಡನೆಯ ಸ್ಯಾಂಪಲ್ಲು ಬಂದಾಗ ಆಫೀಸಿನಲ್ಲಿ ಚಪ್ಪಾಳೆ. ಒಂದು ಮಣಿ ಸೊಟ್ಟಗಿಲ್ಲ, ಬಲಗಡೆ ಬರಿ ಚರ್ಮವಿಲ್ಲ, ಎರಡೂ ಕಡೆ ಐದೈದು ತ್ರಿಕೋನ. ಇನ್ನೂರು ಮಾಡಿಸೋಣ ಎಂದ ಬಾಸು. ಮಾಮು ಇಪ್ಪತ್ತು ಚೌಕಟ್ಟು ಬಿಗಿಸಿದರು. ಅಜ್ಜಿಯ ಬೆಲ್ಟು ವಾಪಸು ಕೊಡುವ ಗಡುವೂ ಮುಗಿದಿತ್ತು. ನಾನೇ ಕೊಟ್ಟು ಬರುತ್ತೇನೆ, ಸ್ಯಾಂಪಲ್ಲನ್ನೂ ತೋರಿಸುತ್ತೇನೆ ಎಂದೆ. ನಿಜ ಹೇಳಬೇಕೆಂದರೆ ಶಭಾಸ್‌ಗಿರಿ ಗಿಟ್ಟಿಸಲು ಹೊರಟಿದ್ದೆ.

ಸ್ಯಾನ್ ಹೊಸೆಯಲ್ಲಿ ಅವರದು ಚಿಕ್ಕ ಮನೆ. ಅಡುಗೆಮನೆಯ ಮೇಜಿನ ಮೇಲೆ ಬಟ್ಟೆ ಹಾಸಿ, ತಟ್ಟೆಗಳಲ್ಲಿ ಮಣಿ ಬಣ್ಣಬಣ್ಣಕ್ಕೆ ವಿಂಗಡಿಸಿಟ್ಟಿದ್ದರು. ತಮ್ಮ ಬೆಲ್ಟನ್ನು ತೆಗೆದುಕೊಂಡು ಒಮ್ಮೆ ಸವರಿ ಪಕ್ಕಕ್ಕಿಟ್ಟರು. ನಾನು ಸ್ಯಾಂಪಲ್ಲನ್ನು ಮುಂದೆ ಇಟ್ಟೆ.

ಕನ್ನಡಕ ಹಾಕಿಕೊಂಡು ನೋಡಿದರು. "ಇದನ್ನ ಯಾರು ಮಾಡಿದ್ದು?"

"ನಮ್ಮ ಮಾಮುವಿನ ಕಾರ್ಖಾನೆಯಲ್ಲಿ. ಬೆಂಗಳೂರು."

"ಒಳ್ಳೆ ಕೈ," ಎಂದರು. ನನಗೆ ಹಿಗ್ಗಾಯಿತು. ಅವರು ಹೆಬ್ಬೆರಳನ್ನು ಎಡ ತುದಿಯಲ್ಲಿಟ್ಟು ಅಕ್ಷರ ಓದುವವರಂತೆ ಬಲಕ್ಕೆ ಸರಿಸಿಕೊಂಡು ಹೋದರು. ಕೆಂಪು, ತ್ರಿಕೋನ, ನೀಲಿ, ಹಸಿರು. ನಡು ದಾಟಿತು. ಹಸಿರು, ನೀಲಿ. ಬರಿ ಚರ್ಮ ಇರಬೇಕಾದ ಕಡೆ ಬೆರಳು ನಿಂತಿತು. ಮುಂದೆ ಸರಿಯಿತು. ಒಂದು, ಎರಡು, ಮೂರು, ನಾಲ್ಕು ಎಂದು ತುಟಿಯಲ್ಲೇ ಎಣಿಸಿದರು. ಐದನೆಯದರ ಮೇಲೆ ಬೆರಳಿಡದೆ ಕೈ ತೆಗೆದರು.

"ಇವಳನ್ನ ಇಲ್ಲಿ ನಿಲ್ಲಿಸಿದ್ದು ಯಾರು?"

ನನಗೆ ಅರ್ಥವಾಗಲಿಲ್ಲ. "ಆ ಕಡೆ ಐದು ಇತ್ತಲ್ಲ, ಈ ಕಡೆ ಒಂದು ಬಿಟ್ಟುಹೋಗಿತ್ತು. ಸರಿ ಮಾಡಿದ್ದೇವೆ."

"ಸರಿ ಮಾಡಿದ್ದೀರಿ." ತಮ್ಮ ಬೆಲ್ಟನ್ನು ಎಳೆದುಕೊಂಡು ನನ್ನ ಬೆರಳನ್ನು ಹಿಡಿದು ಅದರ ಮೇಲಿಟ್ಟರು. ಗಟ್ಟಿ ಹಿಡಿತ. "ಇದು ನಮ್ಮೂರ ಮಣ್ಣು. ಇವು ನಿನ್ನ ಪುಸ್ತಕದ ಬೆಟ್ಟ ಅಲ್ಲ. ಶಾಲು ಹೊದ್ದ ಹೆಂಗಸರು. ನನ್ನನ್ನ ಬಸ್ಸು ಹತ್ತಿಸೋಕೆ ಬಂದೋರು. ಗಿಡ್ಡಗಿರೋಳು ನಮ್ಮಮ್ಮ. ಇದು ಬಸ್ಸು. ಒಂಬತ್ತು ಕಿಟಕೀಲೂ ದೀಪ, ಎಲ್ಲರಿಗೂ ಕೆಲಸ ಸಿಗುತ್ತೆ ಅಂತ ಆಸೆ. ಈ ಹಸಿರು ಇಲ್ಲಿನ ಕೊಲ್ಲಿ, ಮಂಜು."

ಬೆರಳನ್ನು ನಡುವಿನಿಂದ ಆಚೆಗೆ ದಾಟಿಸಿದರು.

"ಇದು ವಾಪಸ್ ಹೋಗೋ ಬಸ್ಸು. ಬಂದ ಒಂಬತ್ತು ಜನರಲ್ಲಿ ವಾಪಸ್ ಹತ್ತಿದ್ದು ಮೂರೇ. ಇಲ್ಲಿ" — ಬರಿ ಚರ್ಮದ ಮೇಲೆ ನನ್ನ ಬೆರಳು ನಿಂತಿತು — "ಅಮ್ಮ ತೀರಿಕೊಂಡಳು ಅಂತ ತಂತಿ ಬಂತು. ಫ್ಯಾಕ್ಟರಿಯೋರು ರಜಾ ಕೊಡಲಿಲ್ಲ. ನಾನು ಹೋಗೋ ಹೊತ್ತಿಗೆ ಸಮಾಧಿ ಮಣ್ಣು ಒಣಗಿತ್ತು. ಆ ದಿನಗಳಿಗೆ ಯಾವ ಬಣ್ಣ ಹಾಕಲಿ? ನಮ್ಮ ಹಳೇ ಹೆಂಗಸರು ಮಣಿ ಕಮ್ಮಿ ಹಾಕೋರು, ಚರ್ಮ ಖಾಲಿ ಬಿಡೋರು. ಖಾಲಿ ಜಾಗಾನೂ ಮಾತಾಡುತ್ತೆ ಅಂತ ನಮ್ಮ ದೊಡ್ಡಮ್ಮ ಹೇಳ್ತಿದ್ದಳು. ಅದಕ್ಕೇ ಬಿಟ್ಟಿದ್ದು. ಆಮೇಲೆ ನಾಲ್ಕೇ ಜನ ನಿಂತಿದ್ದರು."

ಸೂಜಿಯ ಗುರುತಿಲ್ಲದ ಆ ಚರ್ಮವನ್ನು ಭೂತಗನ್ನಡಿಯಲ್ಲಿ ನೋಡಿದವಳು ನಾನೇ.

"ಇದರಲ್ಲಿ," ಎಂದು ಸ್ಯಾಂಪಲ್ಲನ್ನು ತೋರಿಸಿದರು, "ನಾನು ವಾಪಸ್ ಹೋದಾಗ ನಮ್ಮಮ್ಮ ನಿಂತಿದ್ದಾಳೆ. ನೋಡೋಕೆ ಚೆನ್ನಾಗಿದೆ. ಇಂಥದ್ದು ಎಷ್ಟು ಮಾಡ್ತಿದ್ದೀರಿ?"

"ಇನ್ನೂರು."

"ನಾನು ಒಪ್ಪಿದ್ದೀನಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, "ಪೇಪರ್‌ವರ್ಕ್ ಇದೆ ಅಂದರು" ಎಂದು ನಾನೇ ಮೊದಲು ಬಾಯಿಬಿಟ್ಟೆ.

ಅಜ್ಜಿ ಕೂಗಾಡಲಿಲ್ಲ. ಸ್ಯಾಂಪಲ್ಲನ್ನು ಮಗುಚಿ ಬಲ ತುದಿಯಲ್ಲಿ ಗಂಟು ಹುಡುಕಿದರು. ಚಿಕ್ಕ ಕತ್ತರಿಯಿಂದ ಅದನ್ನು ಕತ್ತರಿಸಿ ದಾರದ ತುದಿ ಹಿಡಿದು ಎಳೆದರು. ಸರಪಳಿ ಹೊಲಿಗೆಯ ಗುಣವೇ ಅದು, ತುದಿ ಸಿಕ್ಕಿದರೆ ಸಾಲೇ ಬಿಚ್ಚಿಕೊಳ್ಳುತ್ತದೆ. ಕೆಂಪು ಮಣಿ ಮೊದಲು ಉದುರಿತು, ಆಮೇಲೆ ಶಾಲಿನ ಹೆಂಗಸರು ಒಬ್ಬೊಬ್ಬರಾಗಿ. ಬಟ್ಟೆಯ ಮೇಲೆ ಬಿದ್ದು, ಮೇಜಿನಿಂದ ನೆಲಕ್ಕೆ ಹಾರಿದವು. ನಡುವಿಗೆ ಬರುವವರೆಗೂ ಅವರ ಕೈ ನಿಲ್ಲಲಿಲ್ಲ. ಮಾಮುವಿನ ಇಬ್ಬರು ಕೆಲಸಗಾರರ ಆರು ದಿನದ ದುಡಿಮೆ, ಬಿಚ್ಚಲು ಕಾಫಿ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

"ನಮ್ಮದು ಹೀಗೆ ಬಿಚ್ಚೋದಿಲ್ಲ," ಎಂದರು. "ಒಂದೊಂದು ಸಾಲನ್ನೂ ಬೇರೆ ಬೇರೆ ಕತ್ತರಿಸಬೇಕು. ಹೋಗಿ ನಿನ್ನ ಬಾಸಿಗೆ ಹೇಳು. ಈಗ ಕೆಳಗೆ ಬಿದ್ದಿರೋದನ್ನ ಆರಿಸು. ಮಣಿಗಳೇನೂ ತಪ್ಪು ಮಾಡಿಲ್ಲ."

ಮಂಡಿಯೂರಿ ಆರಿಸಿದೆ. ಆರಿಸುತ್ತಲೇ ಮನಸ್ಸು ಗಟ್ಟಿಯಾಯಿತು. ಅಳಬೇಕು ಅನ್ನಿಸಲಿಲ್ಲ, ಸಿಟ್ಟು ಬಂತು. ನನ್ನ ಮೇಲೆ ಮೊದಲು, ಆಮೇಲೆ ಆ ಫಾರಂ ಮೇಲೆ. ಅದರ ಒಂದು ಪ್ರತಿ ಅಜ್ಜಿಯ ಹತ್ತಿರವೂ ಇತ್ತು, ಓದಿದೆ. ಫೋಟೋಗಳು ಎಂದಿದ್ದ ಕಡೆ, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ "ಅವುಗಳಿಂದ ಹುಟ್ಟುವ ಇತರ ಉತ್ಪನ್ನಗಳು" ಎಂದು ಸೇರಿಸಿದ್ದರು.

ಆ ಸಂಜೆಯೇ ಮಾಮುವಿಗೆ ಫೋನು ಮಾಡಿದೆ. ಅಲ್ಲಿ ಬೆಳಿಗ್ಗೆ, ಕಾರ್ಖಾನೆಯಲ್ಲಿ ರೇಡಿಯೋ ಹಾಡುತ್ತಿತ್ತು.

"ಮಾಮು, ನಿಲ್ಲಿಸಿ. ನಕ್ಷೆ ತಪ್ಪು."

"ಏನು ತಪ್ಪು ಬೇಟಿ? ಇಪ್ಪತ್ತು ಅಡ್ಡದ ಮೇಲೆ ಹುಡುಗರು ಕೂತವ್ರೆ. ನಿನ್ನ ನಕ್ಷೆ ಹೆಂಗೈತೋ ಹಂಗೇ ಹಾಕಿದೀವಿ."

"ತಪ್ಪು ನಿಮ್ಮದಲ್ಲ, ನನ್ನದು. ಅದು ಮಡಿಸೋ ನಕ್ಷೆ ಅಲ್ಲ." ಬೆರಳಿಟ್ಟು ಓದಿದ್ದನ್ನು ಓದಿದ ಹಾಗೇ ಹೇಳಿದೆ. ಮಣ್ಣು, ಹೆಂಗಸರು, ಬಸ್ಸು, ಖಾಲಿ ಚರ್ಮ, ನಾಲ್ಕು ಜನ.

ಮಾಮು ಯಾರಿಗೋ ರೇಡಿಯೋ ಆರಿಸಲು ಹೇಳಿದ್ದು ಕೇಳಿಸಿತು. "ನನ್ನ ಕೈಲಿ ಸತ್ತ ತಾಯೀನ ನಿಲ್ಲಿಸಿಬಿಟ್ಟೆಯಲ್ಲೇ, ಅದೂ ಬೇರೆಯೋರ ತಾಯೀನ," ಎಂದರು. ಬೈದಂತೆಯೇ ಇತ್ತು ಧ್ವನಿ. "ನಮ್ಮ ಕಾರ್ಖಾನೇಲಿ ಹೊಲಿದದ್ದನ್ನ ಇಲ್ಲಿವರೆಗೂ ಬಿಚ್ಚಿಲ್ಲ. ಇವತ್ತು ಬಿಚ್ಚಿಸ್ತೀನಿ. ನಿನ್ನ ಸಾಹೇಬ ಫೋನ್ ಮಾಡಿದ್ರೆ ನಾನೇ ಮಾತಾಡ್ತೀನಿ, ಇಂಗ್ಲಿಷ್ ಬರದಿದ್ರೂ ಪರವಾಗಿಲ್ಲ."

ಮರುದಿನ ಬಾಸಿನ ಮುಂದೆ ನಿಂತೆ. ಅವನು ಎಲ್ಲವನ್ನೂ ಕೇಳಿ, "ಬ್ಯೂಟಿಫುಲ್ ಸ್ಟೋರಿ. ಇದನ್ನೇ ಡಿಸ್ಕ್ರಿಪ್ಶನ್ನಲ್ಲಿ ಹಾಕು. ಕಥೆ ಇದ್ರೆ ಇನ್ನೂ ಚೆನ್ನಾಗಿ ಹೋಗುತ್ತೆ," ಎಂದ.

"ಬೆಲ್ಟಿನಲ್ಲಿ ಆ ಕಥೆ ಇಲ್ಲ. ನಾವು ಅಳಿಸಿದ್ದೇವೆ."

"ಯಾರಿಗೆ ಗೊತ್ತಾಗುತ್ತೆ? ನಿಮ್ಮ ಅಂಕಲ್ ಮಾಡಲ್ಲ ಅಂದ್ರೆ ಬೇರೆ ಕಡೆ ಮಾಡಿಸೋಣ. ನಿನ್ನ ಗ್ರಾಫ್ ಸರ್ವರ್‌ನಲ್ಲಿದೆ. ಶುಕ್ರವಾರ ಪುಟ ಲೈವ್ ಆಗಬೇಕು. ಡಿಸ್ಕ್ರಿಪ್ಶನ್ ನಿನ್ನ ಕೆಲಸ."

ಹೌದು, ಅದು ನನ್ನ ಕೆಲಸವೇ.

ಸೈಟು ನೋಡಿಕೊಳ್ಳುತ್ತಿದ್ದವನು ಮಂಡ್ಯದ ಕಡೆಯ ಹುಡುಗು ಮನಸ್ಸಿನ ಎಂಜಿನಿಯರು, ಆಫೀಸಿನಲ್ಲಿ ನನ್ನೊಡನೆ ಕನ್ನಡ ಆಡುತ್ತಿದ್ದ ಒಬ್ಬನೇ ಒಬ್ಬ. ಬೆಲ್ಟಿನ ಪುಟಕ್ಕೆಂದು ನಾನು ಬರೆದ ವಿವರಣೆಯನ್ನು ಅವನಿಗೆ ತೋರಿಸಿದೆ. ಓದಿ ಕುರ್ಚಿ ಹಿಂದಕ್ಕೆ ತಳ್ಳಿದ.

"ಅಕ್ಕ, ತಲೆ ಸರಿಗೈತಾ ನಿಮ್ಗೆ? ಎಚ್-ಒನ್ನು ವೀಸಾ ಇವರ ಕೈಲದೆ. ಕೆಲಸ ಹೋದ್ರೆ ಗಂಟುಮೂಟೆ ಕಟ್ಟೋದೇಯಾ."

"ಕಟ್ಟುತ್ತೇನೆ. ನನ್ನ ನಕ್ಷೆಯನ್ನು ಸರ್ವರ್‌ನಿಂದ ಅಳಿಸೋಕಾಗುತ್ತಾ ಅಂತ ಕೇಳೋಣ ಅಂತಿದ್ದೆ. ಬೇಡ, ಕದ್ದುಮುಚ್ಚಿ ಮಾಡಿದ್ದು ಸಾಕು."

ಅವನು ಕಪ್ಪು ಎತ್ತಿಕೊಂಡು ಎದ್ದ. "ಪಬ್ಲಿಷ್ ಬಟನ್ನು ನಿಮ್ಮ ಲಾಗಿನ್ನಲ್ಲೇ ಐತೆ. ನಾನು ಏನೂ ನೋಡ್ನಿಲ್ಲ, ಕಾಫಿಗೋಯ್ತಾ ಇವ್ನಿ." ಎರಡು ಹೆಜ್ಜೆ ಹೋಗಿ ತಿರುಗಿದ. "ಎರಡನೇ ಸಾಲಲ್ಲಿ ನಿಮ್ಮ ಹೆಸರೂ ಹಾಕಿ ಅಕ್ಕ. ಹೆಸರಿಲ್ದಿದ್ರೆ ಯಾರೋ ಹ್ಯಾಕ್ ಮಾಡವ್ರೆ ಅಂದ್ಬುಡ್ತಾರೆ."

ಹೆಸರು ಹಾಕಿದೆ. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಒತ್ತಿದೆ. ಇಂಗ್ಲಿಷಿನಲ್ಲಿ ಬರೆದದ್ದರ ತಿರುಳು ಇಷ್ಟು: ಈ ಬೆಲ್ಟು ನುಮುನು ಜನ ಮಾಡಿದ್ದಲ್ಲ. ಸ್ಯಾನ್ ಹೊಸೆಯ ಒಬ್ಬ ಹೆಂಗಸು ತನ್ನ ಬದುಕನ್ನು ಮಣಿಯಲ್ಲಿ ಬರೆದದ್ದನ್ನು ಕೇಳದೆ ಎಣಿಸಿ ನಕಲು ಮಾಡಿದ್ದು. ಎಣಿಸಿದವಳು ನಾನು. ಎಡ ಅರ್ಧ ಕದ್ದದ್ದು, ಬಲ ಅರ್ಧ ಸುಳ್ಳು. ನಿಜವಾದದ್ದು ಮಾರಾಟಕ್ಕಿಲ್ಲ. ದಯವಿಟ್ಟು ಇದನ್ನು ಕೊಳ್ಳಬೇಡಿ.

ಪುಟ ಒಂದು ಗಂಟೆ ಹತ್ತು ನಿಮಿಷ ಇತ್ತು. ಅಷ್ಟರಲ್ಲಿ ಯಾರು ಯಾರಿಗೆ ಕಳಿಸಿದರೋ, ಬಾಸಿನ ಫೋನು ಬಡಿದುಕೊಳ್ಳಲು ಶುರುವಾಯಿತು. ವಕೀಲರು ಬಂದರು. ಬುಡಕಟ್ಟಿನ ಹೆಸರಿಟ್ಟು ಬೇರೆಯವರು ಮಾಡಿದ್ದನ್ನು ಮಾರಿದರೆ ಈ ದೇಶದಲ್ಲಿ ಅಪರಾಧವೆಂದು ಅವರಿಗೆ ಅವತ್ತೇ ನೆನಪಾಯಿತಂತೆ. ಬೆಲ್ಟಿನ ಯೋಜನೆ ಮಧ್ಯಾಹ್ನಕ್ಕೆ ರದ್ದು. ನಾನು ಸಂಜೆಗೆ. ಬಾಸು ಮೊದಲ ಸಲ ಕೂತುಕೊಂಡು ಮಾತಾಡಿದ. "ನೀನು ಬೆಳೆಯಬಹುದಾಗಿತ್ತು ಇಲ್ಲಿ," ಎಂದ. ಚೌಕಳಿ ಪುಸ್ತಕ ಕಂಪನಿಯ ಆಸ್ತಿ, ಕೊಟ್ಟು ಹೋಗು ಎಂದ. ಕೊಡಲಿಲ್ಲ. ಅದು ಸ್ಯಾನ್ ಹೊಸೆಯವರ ಆಸ್ತಿ, ಬೇಕಿದ್ದರೆ ಅವರನ್ನು ಕೇಳು, ವಿಳಾಸ ನಿನ್ನ ಪೇಪರ್‌ವರ್ಕಿನಲ್ಲಿದೆ ಎಂದು ಹೇಳಿ ಚೀಲಕ್ಕೆ ಹಾಕಿಕೊಂಡು ಬಂದೆ. ರೈಲಿನಲ್ಲಿ ಕೂತ ಮೇಲೆ ಕೈ ನಡುಗಿತು, ಅದನ್ನೂ ಬಚ್ಚಿಡುವುದಿಲ್ಲ.

ಗಂಟುಮೂಟೆ ಅರ್ಧ ಕಟ್ಟಿದ್ದೆ. ಅಷ್ಟರಲ್ಲಿ ಮಕ್ಕಳ ಆಟಿಕೆಗಳ ಕಂಪನಿಯೊಂದು ಕೆಲಸ ಕೊಟ್ಟು ನನ್ನ ವೀಸಾವನ್ನು ತನ್ನ ಹೆಸರಿಗೆ ಮಾಡಿಸಿಕೊಂಡಿತು. ಮೌಸು ಹಿಡಿಯಲು ಬಂದವರಿಗೆಲ್ಲ ಕೆಲಸ ಸಿಗುತ್ತಿದ್ದ ಕಾಲ, ನನ್ನ ಧೈರ್ಯಕ್ಕೆ ಅದೃಷ್ಟವೂ ಸ್ವಲ್ಪ ಆತುಕೊಂಡಿತ್ತು.

ಅದೇ ವಾರ ಮಾಮುವಿನಿಂದ ಒಂದು ರಟ್ಟಿನ ಕೊಳವೆ ಬಂತು. ಒಳಗೆ ಖಾಕಾ. ನಮ್ಮಲ್ಲಿ ಖಾಕಾ ಹರಿಯುವುದಿಲ್ಲ, ಸುಡುವುದಿಲ್ಲ. ಅಜ್ಜನ ಕಾಲದವು ಈಗಲೂ ಟ್ರಂಕಿನಲ್ಲಿವೆ. ಜೊತೆಗಿದ್ದ ಚೀಟಿಯಲ್ಲಿ ಮಾಮು ಬರೆದಿದ್ದರು: "ಇಪ್ಪತ್ತೂ ಬಿಚ್ಚಿಸಿದೆ. ಇದನ್ನ ನಾನು ಇಟ್ಟುಕೊಳ್ಳೋ ಹಾಗಿಲ್ಲ. ಯಾರದೋ ಅವರಿಗೆ ಕೊಡು. ನಮ್ಮ ಸಲಾಂ ಹೇಳು."

ಖಾಕಾ, ಚೌಕಳಿ ಪುಸ್ತಕ ಎರಡನ್ನೂ ತೆಗೆದುಕೊಂಡು ಸ್ಯಾನ್ ಹೊಸೆಗೆ ಹೋದೆ. ಪುಸ್ತಕವನ್ನು ಅಜ್ಜಿ ತೆರೆಯದೆ ಡ್ರಾಯರಿಗೆ ಹಾಕಿದರು. ಖಾಕಾವನ್ನು ಬಿಡಿಸಿ, ಏನಿದು ಎಂದು ಅಡುಗೆಮನೆಯ ಕಿಟಕಿಗೆ ಹಿಡಿದರು. ಹನ್ನೊಂದು ಗಂಟೆಯ ಬಿಸಿಲು ತೂತುಗಳಿಂದ ಇಳಿದು ಮೇಜಿನ ಮೇಲೆ ಚುಕ್ಕಿಗಳಾಗಿ ಬಿತ್ತು. ಬಸ್ಸು, ಕಿಟಕಿಗಳು, ಈ ತುದಿಯಲ್ಲಿ ಐದು ಜನ, ಆ ತುದಿಯಲ್ಲಿ ಐದು ಜನ.

ಇನ್ನೊಂದು ಕೈಯಿಂದ ಬಲ ತುದಿಯ ಬೆಳಕನ್ನು ಎಣಿಸಿದರು. ಈ ಸಲ ಐದನೆಯದರ ಮೇಲೆ ಬೆರಳಿಟ್ಟರು, ಇಟ್ಟುಕೊಂಡೇ ಇದ್ದರು.

"ಅಮ್ಮನ ಎತ್ತರ ಸರಿಯಾಗಿ ತೆಗೆದಿದ್ದೀಯ," ಎಂದರು.

ಇಟ್ಟುಕೊಳ್ಳುತ್ತಾರೆ ಎಂದುಕೊಂಡೆ. ಇಟ್ಟುಕೊಳ್ಳಲಿ ಎಂದು ಬೇಡಿಕೊಂಡೆ ಕೂಡ. ಅವರು ಕಾಗದವನ್ನು ಮೇಜಿನ ಮೇಲೆ ಹಾಸಿ, ಕತ್ತರಿ ತೆಗೆದುಕೊಂಡು ಮಡಿಕೆಯ ಗುಂಟ ಒಂದೇ ಸಮನೆ ಕತ್ತರಿಸಿದರು. ಎಡ ಅರ್ಧ ಡ್ರಾಯರಿಗೆ ಹೋಯಿತು. ಬಲ ಅರ್ಧವನ್ನು ನನ್ನ ಕಡೆಗೆ ತಳ್ಳಿದರು.

"ಇದು ನನ್ನದಲ್ಲ. ನೀನು ಮಾಡಿದ್ದು, ನೀನೇ ಇಟ್ಟುಕೊ."

ಇಪ್ಪತ್ತು ವರ್ಷದ ಮೇಲಾಯಿತು. ಅಜ್ಜಿ ಈಗಿಲ್ಲ. ಬೆಲ್ಟು ಅವರ ಮೊಮ್ಮಗಳ ಸೊಂಟದಲ್ಲಿದೆ, ಬಲ ಅರ್ಧದ ಬರಿ ಚರ್ಮ ಹಾಗೇ ಇದೆ. ನನ್ನ ಪಾಲಿನ ಕಾಗದ ನನ್ನ ಮೇಜಿನ ಡ್ರಾಯರಿನಲ್ಲಿದೆ. ಹಳದಿಯಾಗಿದೆ, ಮೂಲೆಗಳು ಪುಡಿಯಾಗುತ್ತಿವೆ. ಅಪರೂಪಕ್ಕೆ ತೆಗೆದಾಗ ನಾನು ನೋಡುವುದು ತೂತುಗಳನ್ನಲ್ಲ, ಕತ್ತರಿಸಿದ ಅಂಚನ್ನು. ಅಡಿಕೋಲಿಟ್ಟು ನೋಡಿದ್ದೇನೆ. ಎಲ್ಲಿಯೂ ಸೊಟ್ಟಗಿಲ್ಲ. ಅವರ ಕೈ ಒಮ್ಮೆಯೂ ನಡುಗಿರಲಿಲ್ಲ.